ಹಳೇ ಮಿಯಾಟಾನಾ, ಹೊಸದಾ?

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಮಜ್ದಾ ಮಿಯಾಟಾ (ಟಾಪ್ ತೆಗೆಯೋ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು) ಹುಡುಕ್ತಿರೋರಿಗೆ ಒಂದೆರಡು ಮಾತು. ಮೇಲಕ್ಕೆದ್ದು ಕಣ್ಣು ಬಿಡೋ ಹೆಡ್‌ಲೈಟಿನ ಮೊದಲ ತಲೆಮಾರು (1990–97) ನೋಡಿದ್ರೆ ಮನಸ್ಸು ಸೋಲೋದು ಸಹಜ, ನಾನೂ ಸೋತವನೇ. ಆದ್ರೆ ಬಣ್ಣದ ಹೊಳಪಿಗೆ ಮರುಳಾಗ್ಬೇಡಿ. ಮಂಡಿಯೂರಿ ಕೂತು, ಬಾಗಿಲ ಕೆಳಗೆ, ಹಿಂದಿನ ಚಕ್ರದ ಮುಂದಿರೋ ತಗಡನ್ನ ಬೆರಳಲ್ಲಿ ಒತ್ತಿ ನೋಡಿ. ಬಟ್ಟೆ ಟಾಪಿನ ನೀರು ಇಳಿಯೋ ತೂತಲ್ಲಿ ಕಸ ಕಟ್ಟಿದ್ರೆ ನೀರು ಅಲ್ಲೇ ನಿಂತು ಒಳಗಿಂದ ತುಕ್ಕು ತಿನ್ನುತ್ತೆ. ಬಣ್ಣ ಉಬ್ಬಿದ್ಯಾ? ಮುಂದಿನ ಗಾಡಿ ನೋಡಿ.

1990ರದ್ದೋ 91ರ ಆರಂಭದ್ದೋ ಆದ್ರೆ ಕ್ರ್ಯಾಂಕ್ ಪುಲ್ಲಿ, ಅಂದ್ರೆ ಎಂಜಿನ್ನಿನ ಮುಖ್ಯ ದಂಡದ (ಕ್ರ್ಯಾಂಕ್) ಮೂತಿಗೆ ಕೂರಿಸಿರೋ ಬೆಲ್ಟಿನ ಚಕ್ರದ ಮೇಲೆ ಟಾರ್ಚ್ ಬಿಡಿ. ನಾಲ್ಕೇ ಸೀಳು ಕಂಡ್ರೆ ಅದು ಗಿಡ್ಡ ಮೂತಿಯ ಕ್ರ್ಯಾಂಕ್. ಪುಲ್ಲಿ ಸಡಿಲಾಗಿ ಕೈಕೊಡೋದು ಅದೇ. ಎಂಟಿದ್ರೆ ಆ ಚಿಂತೆ ಇಲ್ಲ. ಟೈಮಿಂಗ್ ಬೆಲ್ಟನ್ನ (ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋ ಹಾಗೆ ನಡೆಸೋ ಬೆಲ್ಟ್) 60,000 ಮೈಲಿಗೆ ಬದಲಿಸಿದ ರಸೀದಿನೂ ಕೇಳಿ.

ದಿನಾ ಆಫೀಸಿಗೆ ಓಡಿಸೋದಾದ್ರೆ ನಾಲ್ಕನೇ ತಲೆಮಾರೇ ಸರಿ, ಅದ್ರಲ್ಲೂ 2019ರ ಮಾಡೆಲ್‌ನಿಂದ ಈಚೆಯದು. ಶಕ್ತಿ 155ರಿಂದ 181 ಹಾರ್ಸ್‌ಪವರ್‌ಗೆ ಏರಿತು, ಮೊದಲ ತಲೆಮಾರಿನ ಟೈಮಿಂಗ್ ಬೆಲ್ಟ್ ಬದಲು ಇದಕ್ಕೆ ಚೈನು, ಸ್ಟೀರಿಂಗನ್ನ ಹತ್ತಿರಕ್ಕೂ ಎಳ್ಕೋಬಹುದು. ಆರಡಿ ಎತ್ತರದವರು ಮೊದಲು ಟಾಪ್ ಮುಚ್ಚಿ ಒಳಗೆ ಕೂತು ನೋಡಿ, ರೇಟು ಆಮೇಲೆ ಮಾತಾಡಿ.