ಜುಲೈ ಮಳೆಗೂ ನಿಲ್ಲದ ವ್ಯಾಯಾಮ

ಕೊಡಗಿನಲ್ಲಿ ವ್ಯಾಯಾಮ ಮಾಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಶುರು ಮಾಡುತ್ತಾರೆ. ಚಳಿ, ಹಿತವಾದ ಬಿಸಿಲು, ರಾಜಾಸೀಟ್ ಕಡೆ ನಡೆದು ಬಂದರೆ ಖುಷಿ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಶೂ ಅಟ್ಟ ಸೇರುತ್ತದೆ. ಸೆಪ್ಟೆಂಬರ್‌ವರೆಗೆ ಕರಿದ ತಿಂಡಿ, ಬಿಸಿ ಕಾಫಿ. ಅದಕ್ಕೇ ನಾನು ಲೆಕ್ಕ ಉಲ್ಟಾ ಹಾಕಿದೆ. ಜುಲೈನಲ್ಲಿ ಆಗುವಂಥದ್ದನ್ನು ಮಾತ್ರ ದಿನಚರಿಗೆ ಸೇರಿಸಿಕೊಂಡೆ. ಜುಲೈನಲ್ಲಿ ಆಗಿದ್ದು ಜನವರಿಯಲ್ಲಿ ಆಗದೇ ಇರುತ್ತದಾ?

ನನ್ನದು ಮಡಿಕೇರಿಯಲ್ಲಿ ಕುರ್ಚಿ ಕೆಲಸ. ಸಕ್ಕರೆ ಗಡಿಯಲ್ಲಿದೆ, ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೀರಿ ಅಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಮೊದಲೆಲ್ಲ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕು ಅನ್ನುತ್ತಿದ್ದರು. 2020ರಲ್ಲಿ ಆ ಷರತ್ತನ್ನು ಕೈಬಿಟ್ಟರು. ನಾಲ್ಕು ನಿಮಿಷ ನಡೆದರೂ ಲೆಕ್ಕಕ್ಕೆ ಬರುತ್ತದೆ. ನನ್ನಂಥವರಿಗೆ ಇದೊಂದೇ ಮಾತು ಸಾಕಾಗಿತ್ತು. ಬೆಳಗ್ಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳುವುದು ಡಬ್ಬಿ ಕಟ್ಟುವ ಮನೆಯಲ್ಲಿ ಆಗುವ ಹೋಗುವ ಮಾತಲ್ಲ.

ಮಡಿಕೇರಿಯ ಎಷ್ಟೋ ಮನೆಗಳ ಹಾಗೆ ನಮ್ಮದೂ ರಸ್ತೆಗಿಂತ ಕೆಳಗಿದೆ. ಮನೆಯಿಂದ ರಸ್ತೆಗೆ ಕಡಿದಾದ ಮೆಟ್ಟಿಲು. ಮೊದಲು ಅದನ್ನು ಬೈದುಕೊಂಡೇ ಹತ್ತುತ್ತಿದ್ದೆ. ಈಗ ಅದೇ ನನ್ನ ಜಿಮ್. ಹಾಲು ತರಲು ಒಂದು ಸಲ, ಕಸ ಕೊಡಲು ಒಂದು ಸಲ. ಎರಡನ್ನೂ ಒಟ್ಟಿಗೆ ಮುಗಿಸುವ ಜಾಣತನ ಬಿಟ್ಟಿದ್ದೇನೆ. ಹತ್ತುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಏದುಸಿರು ಬಂದರೆ ವೇಗ ಸರಿಯಿದೆ ಅಂತ. ವಾಚು ಗೀಚು ಏನೂ ಬೇಡ. ಪಕ್ಕದ ಮನೆಯಾಕೆ ಮೇಲಿಂದ "ಅಕ್ಕಾ, ಇವತ್ತು ಕರೆಂಟ್ ಬರ್ತದಂತಾ?" ಅಂತ ಕೇಳಿದಾಗ ಒಂದೇ ಉಸಿರಿಗೆ ಉತ್ತರ ಹೇಳಿಬಿಟ್ಟರೆ, ನಿಧಾನವಾಗಿ ಹತ್ತುತ್ತಿದ್ದೇನೆ ಅಂತ ಅರ್ಥ.

ಹತ್ತುವುದಕ್ಕಿಂತ ಇಳಿಯುವುದರಲ್ಲೇ ಜಾಸ್ತಿ ಎಚ್ಚರ ಬೇಕು. ಇಳಿಯುವಾಗ ಮೈಭಾರವೆಲ್ಲ ಮಂಡಿಗೆ ಬೀಳುತ್ತದೆ. ತೊಡೆ ಹಿಡಿದುಕೊಂಡು ಮಾರನೇ ದಿನ ನೋಯುವುದೂ ಹೆಚ್ಚಾಗಿ ಇದರಿಂದಲೇ. ಮಂಡಿಯನ್ನು ಚೂರು ಬಗ್ಗಿಸಿ, ಪೂರ್ತಿ ಪಾದ ಊರಿ, ಪಕ್ಕದ ಕಂಬಿ ಹಿಡಿದು ಇಳಿಯುತ್ತೇನೆ. ಮಳೆಗಾಲದಲ್ಲಿ ಕಲ್ಲಿಗೆ ಪಾಚಿ ಕಟ್ಟುತ್ತದೆ. ಆಗಾಗ ಬ್ಲೀಚಿಂಗ್ ಪುಡಿ ಹಾಕಿ ತೆಂಗಿನ ಕಡ್ಡಿ ಪೊರಕೆಯಲ್ಲಿ ಉಜ್ಜಬೇಕು. ಉಜ್ಜಿ ಮುಗಿಸುವಷ್ಟರಲ್ಲಿ ಆ ದಿನದ ಪಾಲು ಅಲ್ಲೇ ಆಗಿಹೋಗಿರುತ್ತದೆ ಅನ್ನಿ.

ಆಫೀಸಿಗೆ ಹೋಗುವಾಗ ಬಸ್ಸಿನಿಂದ ಏರು ಶುರುವಾಗುವ ಕಡೆಯೇ ಇಳಿದುಬಿಡುತ್ತೇನೆ. ಮಳೆಗೆ ಕೊಡೆ ನಂಬಿದರೆ ಆಗದು. ಇಲ್ಲಿನ ಗಾಳಿಗೆ ಅದು ಮಗುಚಿಕೊಳ್ಳುತ್ತದೆ, ಒಂದು ಕೈಯೂ ಕಟ್ಟಿಹಾಕಿದಂತೆ. ತೋಟದ ಕೆಲಸದವರು ಪ್ಲಾಸ್ಟಿಕ್ ಕೊಪ್ಪೆ ಹಾಕುವುದು ಸುಮ್ನೆ ಅಲ್ಲ. ಎರಡೂ ಕೈ ಖಾಲಿ ಇರುತ್ತದೆ. ನಾನು ರೇನ್‌ಕೋಟ್ ಹಾಕಿ ಕೈ ಬೀಸಿಕೊಂಡು ನಡೆಯುತ್ತೇನೆ.

ಸ್ನಾಯುಗಳ ಪಾಲಿಗೆ ಶುಕ್ರವಾರದ ಸಂತೆ ಇದೆ. ತರಕಾರಿಯನ್ನು ಎರಡು ಚೀಲಕ್ಕೆ ಸಮನಾಗಿ ಹಂಚಿ, ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಇಟ್ಟು ಬರುವುದು. ಒಂದೇ ಚೀಲ ಒಂದೇ ಭುಜಕ್ಕೆ ನೇತುಹಾಕಿದರೆ ಸಂಜೆ ಸೊಂಟ ಹಿಡಿಯುತ್ತದೆ. ಇನ್ನೊಂದು, ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಹತ್ತು ನಿಮಿಷ ಅಡ್ಡಾಡುತ್ತೇನೆ. ಊಟದ ನಂತರ ನಡೆದರೆ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ಏರಿಕೆ ತಗ್ಗುತ್ತದೆ. ಜೋರು ಮಳೆಯಲ್ಲೂ ಇದಕ್ಕೆ ಅಡ್ಡಿಯಿಲ್ಲ.

"ದಿನಕ್ಕೆ 10,000 ಹೆಜ್ಜೆ ಆಗ್ತದಾ?" ಅಂತ ಆಫೀಸಿನಲ್ಲಿ ಕೇಳುವವರಿದ್ದಾರೆ. ಆ ಸಂಖ್ಯೆ 1960ರ ದಶಕದಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರದ ಜಾಹೀರಾತಿನ ಜೊತೆ ಹುಟ್ಟಿದ್ದು, ಡಾಕ್ಟರ ಚೀಟಿಯಿಂದ ಬಂದದ್ದಲ್ಲ. ಸಮತಟ್ಟು ನೆಲದ ಹೆಜ್ಜೆಗೂ ನಮ್ಮ ಏರಿನ ಹೆಜ್ಜೆಗೂ ಒಂದೇ ಬೆಲೆ ಕಟ್ಟುವುದು ಯಾವ ನ್ಯಾಯ?

ನನ್ನ ತಂಗಿಗೆ ಇದ್ಯಾವುದೂ ಹೊಂದುವುದಿಲ್ಲ. ಅವಳಿರುವುದು ಸಿದ್ದಾಪುರ ಕಡೆ. ಬೆಳಗಿನ ಜಾವ, ಸಂಜೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಅಲ್ಲಿ ವಾಕಿಂಗ್ ಹೋಗು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅವಳು ಬೆಳಕು ಹರಿದ ಮೇಲೆ ಮನೆಯೆದುರಿನ ಕಾಫಿ ಕಣದಲ್ಲೇ ಸುತ್ತು ಹಾಕುತ್ತಾಳೆ. ಕೊಯ್ಲಿನ ಸಮಯದಲ್ಲಿ ಕಣದ ತುಂಬ ಹಣ್ಣು. ಆಗ ನಡೆಯಲು ಜಾಗವಿಲ್ಲ. ಆದರೆ ಹರಡಿದ ಕಾಫಿಯನ್ನು ದಿನಕ್ಕೆ ಹಲವು ಸಲ ಕೈಯಾಡಿಸಿ ಒಣಗಿಸಬೇಕು. ಭುಜ, ಸೊಂಟ, ತೊಡೆ, ಎಲ್ಲಕ್ಕೂ ಕೆಲಸ. ಬಲಗೈ ಮುಂದಿಟ್ಟು ಒಂದು ಸಾಲು ಎಳೆದರೆ, ಎಡಗೈ ಮುಂದಿಟ್ಟು ಇನ್ನೊಂದು ಸಾಲು ಎಳೆ ಅಂತ ಮಾತ್ರ ನಾನು ಹೇಳಿದ್ದು.

ಶೂ ಮಾತ್ರ ಎರಡು ಜೊತೆ ಇರಲಿ. ಮಳೆಗಾಲದಲ್ಲಿ ಒಂದು ರಾತ್ರಿಗೆ ಶೂ ಒಣಗುವುದಿಲ್ಲ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ಒಲೆಯಿಂದ ಸ್ವಲ್ಪ ದೂರ ಇಡಿ. ತೀರಾ ಹತ್ತಿರ ಇಟ್ಟರೆ ಅಂಟು ಬಿಟ್ಟು ತಳ ಬಾಯಿ ತೆರೆಯುತ್ತದೆ.