ದೂರದ ಬಡ ಚರ್ಚೊಂದಕ್ಕೆ ಆಸರೆಯಾಗುವ ಬಗೆ: ಉತ್ತರ ಕನ್ನಡದ ಇಗರ್ಜಿಗಳಿಗೊಂದು ಕೈಪಿಡಿ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕಿಂತ ಒಂದು ವಾರ ಮೊದಲು ಬರುವ ಭಾನುವಾರವನ್ನು ಕಥೋಲಿಕ ಧರ್ಮಸಭೆ 1926ರಲ್ಲಿ ಮಿಷನ್ ಭಾನುವಾರವೆಂದು ಗೊತ್ತುಮಾಡಿತು. ಆ ದಿನದ ಪೂಜೆಯಲ್ಲಿ ಕೂಡುವ ಕಾಣಿಕೆ ಊರಿನ ಇಗರ್ಜಿಯಲ್ಲಿ ಉಳಿಯದೆ, ಧರ್ಮಪ್ರಾಂತ್ಯದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಮೂಲಕ ಮಿಷನ್ ಕಾರ್ಯದ ಸಾಮಾನ್ಯ ನಿಧಿಗೆ ಸೇರುತ್ತದೆ. ಅದು ಯಾವ ಊರಿನ ಯಾವ ಚರ್ಚಿಗೆ ತಲುಪಿತೆಂದು ಕೊಟ್ಟವರಿಗೆ ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ನಿಮ್ಮ ವಾಡೆಯ (ಇಗರ್ಜಿಗೆ ಸೇರಿದ ಮನೆಗಳ ಗುಂಪು) ಮನೆಯೊಂದರ ಮಗನೋ ಮಗಳೋ ಧರ್ಮಗುರುವಾಗಿ ಅಥವಾ ಧರ್ಮಭಗಿನಿಯಾಗಿ ಟಾಂಜಾನಿಯಾಕ್ಕೋ ಮಲಾವಿಗೋ ಹೋಗಿದ್ದರೆ, ವರ್ಷಕ್ಕೊಂದು ದಿನದ ಕಾಣಿಕೆಯಿಂದ ಊರಿನ ಮನಸ್ಸಿಗೆ ತೃಪ್ತಿಯಾಗುವುದಿಲ್ಲ. ಆ ಚರ್ಚಿನೊಂದಿಗೆ ನೇರ ಸಂಬಂಧ ಬೆಳೆಸಬೇಕೆಂಬ ಆಸೆ ಹುಟ್ಟುತ್ತದೆ. ಅಂಥ ಆಸೆಯನ್ನು ಕೆಡದಂತೆ ನಡೆಸಿಕೊಂಡು ಹೋಗುವುದು ಹೇಗೆಂದು ಇಲ್ಲಿ ಬರೆದಿದ್ದೇನೆ. ನಾನು ಬಳಸುವುದು ಕಥೋಲಿಕರ ಪರಿಭಾಷೆ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತಿತರ ಸಭೆಗಳವರು ಧರ್ಮಕೇಂದ್ರವೆಂದಿರುವಲ್ಲಿ ಸಭೆಯೆಂದೂ, ಧರ್ಮಗುರುವೆಂದಿರುವಲ್ಲಿ ಸಭಾಪಾಲಕರೆಂದೂ ಓದಿಕೊಳ್ಳಬೇಕು.

ಮೊದಲ ಕೆಲಸ ಕೊಡುವುದಲ್ಲ, ಕೇಳುವುದು. ಇದನ್ನು ನಾವು ತಪ್ಪು ಮಾಡಿ ಕಲಿತೆವು. ಹಲವು ವರ್ಷಗಳ ಹಿಂದೆ ಕರಾವಳಿಯ ಒಂದು ಇಗರ್ಜಿಯಿಂದ, ನಾನೂ ಇದ್ದ ಸಮಿತಿಯ ಉತ್ಸಾಹದಲ್ಲಿ, ಹಳೆಯ ಬಟ್ಟೆಗಳನ್ನು ಒಗೆದು ಮಡಿಸಿ ಮೂಟೆ ಕಟ್ಟಿ ಪೂರ್ವ ಆಫ್ರಿಕಾದ ಒಂದು ಮಿಷನ್ ಕೇಂದ್ರಕ್ಕೆ ಕಳಿಸಿದೆವು. ಬಂದರಿನಿಂದ ಅದನ್ನು ಬಿಡಿಸಿಕೊಳ್ಳಲು ಅಲ್ಲಿಯ ಧರ್ಮಗುರುಗಳು ತೆತ್ತ ಸುಂಕ ಮತ್ತು ಲಾರಿ ಬಾಡಿಗೆ ಬಟ್ಟೆಯ ಬೆಲೆಗಿಂತ ಹೆಚ್ಚಾಯಿತು. ಹೊರದೇಶಗಳಿಂದ ಬರುವ ಹಳೆಯ ಬಟ್ಟೆಯ ಮೂಟೆಗಳಿಗೆ ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ‘ಮಿತುಂಬಾ’ ಎಂಬ ಹೆಸರೇ ಇದೆ ಎಂದೂ, ಅದು ಅಲ್ಲಿಯ ಸಂತೆಗಳಲ್ಲಿ ರಾಶಿ ರಾಶಿಯಾಗಿ ಮಾರಾಟವಾಗುತ್ತದೆ ಎಂದೂ ನಮಗೆ ಆಮೇಲೆ ಗೊತ್ತಾಯಿತು. ಅವರಿಗೆ ಬೇಕಾಗಿದ್ದುದು ನಾಲ್ಕು ಸೈಕಲ್ಲುಗಳು. ನಾವು ಕೇಳಿದ್ದರೆ ಹೇಳುತ್ತಿದ್ದರು.

ಸೈಕಲ್ಲು ಏಕೆ ಬೇಕೆಂಬುದು ಅರ್ಥವಾಗಬೇಕಾದರೆ ಆ ಚರ್ಚುಗಳು ನಡೆಯುವ ಕ್ರಮವನ್ನು ತಿಳಿಯಬೇಕು. ನಮ್ಮಲ್ಲಿ ಇಗರ್ಜಿಗೆ ಒಬ್ಬರಾದರೂ ಧರ್ಮಗುರುಗಳು ವಾಸವಾಗಿದ್ದು ದಿನವೂ ಪೂಜೆ ನಡೆಯುತ್ತದೆ. ಆಫ್ರಿಕಾದ ಹಳ್ಳಿಗಾಡಿನಲ್ಲಿ ಒಂದು ಧರ್ಮಕೇಂದ್ರದ ಕೆಳಗೆ ಹತ್ತಾರು ಉಪಕೇಂದ್ರಗಳಿರುತ್ತವೆ, ಧರ್ಮಗುರುಗಳು ಒಂದೊಂದಕ್ಕೂ ತಿಂಗಳಿಗೊಮ್ಮೆಯೋ ಅದಕ್ಕಿಂತ ಅಪರೂಪಕ್ಕೋ ಹೋಗುತ್ತಾರೆ. ಉಳಿದ ಭಾನುವಾರಗಳಲ್ಲಿ ಜನರನ್ನು ಕೂಡಿಸಿ ವಾಕ್ಯ ಓದಿ, ಪ್ರಾರ್ಥನೆ ನಡೆಸಿ, ಮಕ್ಕಳಿಗೆ ಧರ್ಮೋಪದೇಶ ಕಲಿಸಿ, ರೋಗಿಗಳನ್ನು ಕಂಡುಬರುವವನು ಆ ಊರಿನ ಉಪದೇಶಿ. ಆತ ಸಾಮಾನ್ಯವಾಗಿ ಮೆಕ್ಕೆಜೋಳ ಬೆಳೆಯುವ ಸಣ್ಣ ರೈತ. ಅವನಿಗೆ ಸಿಗುವ ಗೌರವಧನ ತೀರ ಕಡಿಮೆ, ಎಷ್ಟೋ ಕಡೆ ಅದೂ ಇಲ್ಲ. ಆದ್ದರಿಂದ ನೆರವಿನ ಮಾತು ಬಂದಾಗ ನಮ್ಮ ಕಣ್ಣು ಮೊದಲು ಹೋಗಬೇಕಾದದ್ದು ಕಟ್ಟಡದ ಕಡೆಗಲ್ಲ, ಈ ಉಪದೇಶಿಯ ಕಡೆಗೆ: ಅವನ ತರಬೇತಿ, ಅವನ ಕೈಯಲ್ಲಿರಬೇಕಾದ ಸ್ಥಳೀಯ ಭಾಷೆಯ ಬೈಬಲ್, ಅವನ ಓಡಾಟ. ಮೋಟಾರ್ ಸೈಕಲ್ ಕೊಡಿಸುವ ಯೋಚನೆಯಿದ್ದರೆ ಪೆಟ್ರೋಲಿಗೆ ಯಾರು ಹಣ ಹಾಕುತ್ತಾರೆಂದೂ, ಕೊಳವೆಬಾವಿ ತೋಡಿಸುವುದಾದರೆ ಕೈಪಂಪಿನ ವಾಷರ್ ಸವೆದಾಗ ಯಾರು ಬದಲಿಸುತ್ತಾರೆಂದೂ ಮುಂಚಿತವಾಗಿಯೇ ವಿಚಾರಿಸಬೇಕು.

ಮೊದಲ ಪತ್ರವನ್ನು ನಿಮ್ಮ ಧರ್ಮಗುರುಗಳ ಸಹಿಯೊಂದಿಗೆ, ಕಾರವಾರ ಧರ್ಮಪ್ರಾಂತ್ಯದ ಕಚೇರಿಗೆ ತಿಳಿಸಿ, ನೆರವು ಪಡೆಯುವ ಚರ್ಚಿನ ಧರ್ಮಾಧ್ಯಕ್ಷರಿಗೇ (ಬಿಷಪರಿಗೇ) ಬರೆಯಬೇಕು. ನಿಮ್ಮೂರಿನ ಮಿಷನರಿಗೆ ಅದರ ಪ್ರತಿಯೊಂದನ್ನು ಕಳಿಸಿದರೆ ಸಾಕು. ಇದು ಬರಿಯ ಶಿಷ್ಟಾಚಾರವಲ್ಲ. ಮಿಷನರಿಗೆ ನಾಳೆ ಬೇರೆ ಊರಿಗೆ ವರ್ಗವಾಗಬಹುದು, ಆಗ ಅವರೊಬ್ಬರನ್ನೇ ನಂಬಿ ಬೆಳೆದ ನೆರವು ಅವರ ಹಿಂದೆಯೇ ಹೊರಟುಹೋಗುತ್ತದೆ. ನೆರೆಯ ಧರ್ಮಕೇಂದ್ರಗಳಿಗೆ ಇಲ್ಲದ ಸೌಕರ್ಯ ಒಂದಕ್ಕೇ ಬಂದರೆ ಅಸಮಾಧಾನವೂ ಹುಟ್ಟುತ್ತದೆ. ಪತ್ರದಲ್ಲಿ ಉಪಕೇಂದ್ರಗಳೆಷ್ಟು, ಅಲ್ಲಿಯ ಜನ ಈಗಾಗಲೇ ತಮ್ಮ ಚರ್ಚಿಗೆ ಏನು ಕೊಡುತ್ತಿದ್ದಾರೆ, ಧರ್ಮಪ್ರಾಂತ್ಯದ ಯೋಜನೆಯಲ್ಲಿ ಮುಂದಿನ ಮೂರು ವರ್ಷಕ್ಕೆ ಯಾವುದು ಮೊದಲು, ನಾವು ಕೊಡದಿದ್ದರೂ ಆ ಕೆಲಸ ಮುಂದುವರಿಯುತ್ತದೆಯೇ ಎಂಬ ಪ್ರಶ್ನೆಗಳಿರಲಿ. ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಧೈರ್ಯವಾಗಿ ಮುಂದುವರಿಯಬಹುದು. ಯಾರದೇ ವೈಯಕ್ತಿಕ ಖಾತೆಯ ವಿವರ ಬಂದರೆ, ಅವರು ಎಷ್ಟೇ ಪೂಜ್ಯರಾಗಿರಲಿ, ಧರ್ಮಪ್ರಾಂತ್ಯದ ಖಾತೆಯನ್ನೇ ಕೇಳಬೇಕು.

ಫೋನ್ ಮಾಡುವವರಿಗೆ ಒಂದು ಸಣ್ಣ ಸೂಚನೆ. ಟಾಂಜಾನಿಯಾ, ಕೆನ್ಯಾಗಳ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಷ್ಟೇ ಅಲ್ಲ, ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಾವು ಬೆಳಗಿನ ಏಳು ಎನ್ನುವುದು ಅವರ ಎಣಿಕೆಯಲ್ಲಿ ಒಂದು ಗಂಟೆ. ‘ಮೂರು ಗಂಟೆಗೆ ಪೂಜೆ’ ಎಂದು ಉಪದೇಶಿ ಹೇಳಿದರೆ ಅದು ಬೆಳಗಿನ ಒಂಬತ್ತು ಗಂಟೆಯ ಪೂಜೆ. ಇದು ತಿಳಿಯದೆ ನಾವು ಒಂದು ಮಧ್ಯಾಹ್ನವಿಡೀ ಕಾದು ಕುಳಿತಿದ್ದುಂಟು.

ಹಣ ಯಾವಾಗ ಕೂಡಿಸಬೇಕು, ಯಾವಾಗ ತಲುಪಿಸಬೇಕು ಎಂಬುದರಲ್ಲಿ ನಮ್ಮ ಕರಾವಳಿಗೆ ಒಂದು ಅನುಕೂಲವಿದೆ. ಟಾಂಜಾನಿಯಾದ ಬಹುಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ. ನಾವು ಇಲ್ಲಿ ಜಡಿಮಳೆಯಲ್ಲಿ ಕೊಡೆ ಮಡಿಸದೆ ಓಡಾಡುವ ತಿಂಗಳುಗಳೇ ಅಲ್ಲಿ ಇಟ್ಟಿಗೆ ಸುಡುವ, ಗೋಡೆ ಎಬ್ಬಿಸುವ, ತಗಡಿನ ಶೀಟು ಹೊದಿಸುವ ತಿಂಗಳುಗಳು. ಹಣ ಮೇ ಮುಗಿಯುವುದರೊಳಗೆ ತಲುಪಿದರೆ ಅದೇ ವರ್ಷ ಮಾಡು ಏರುತ್ತದೆ. ಕ್ರಿಸ್‌ಮಸ್‌ಗೆಂದು ಡಿಸೆಂಬರ್‌ನಲ್ಲಿ ಕಳಿಸಿದರೆ ಅದು ಮುಂದಿನ ಜೂನ್‌ವರೆಗೆ ಖಾತೆಯಲ್ಲಿ ಕುಳಿತು, ನಡುವೆ ಬಂದ ಯಾವುದೋ ತುರ್ತಿಗೆ ಕರಗುತ್ತದೆ. ನಮ್ಮಲ್ಲಿಯೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರ, ಅಂಕೋಲಾ, ಭಟ್ಕಳಗಳ ಬೋಟಿನ ಕುಟುಂಬಗಳ ಕೈ ಖಾಲಿ. ಆ ಎರಡು ತಿಂಗಳಲ್ಲಿ ವಂತಿಗೆಯ ಪುಸ್ತಕ ಹಿಡಿದು ಮನೆ ಮನೆಗೆ ಹೋಗುವುದು ನಾಚಿಕೆಗೇಡು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳಲ್ಲಿ ಅಡಿಕೆ ಕೊಯ್ಲು ಚಳಿಗಾಲದಲ್ಲಿ ನಡೆದು, ಸುಲಿಯುವ ಕೂಲಿಯವರ ಕೈಯಲ್ಲಿಯೂ ಆಗ ನಾಲ್ಕು ಕಾಸು ಓಡಾಡುತ್ತದೆ. ಮಿಷನ್ ಭಾನುವಾರದಂದು ಆರಂಭಿಸಿ ಈಸ್ಟರ್ ಹಬ್ಬಕ್ಕೆ ಮುಗಿಸುವ ಸಂಗ್ರಹ ಎರಡೂ ಕಡೆಯ ಋತುಮಾನಕ್ಕೆ ಸರಿಹೊಂದುತ್ತದೆ.

ಸಂಗ್ರಹದ ಕ್ರಮಕ್ಕೆ ಎರಡು ಮಾದರಿಗಳು ನನ್ನ ಮನಸ್ಸಿಗೆ ಹಿಡಿದಿವೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೋಲಿನ್ ಜಾರಿಕೋ ಎಂಬ ಯುವತಿ ರೇಷ್ಮೆ ಕಾರ್ಖಾನೆಯ ಕೆಲಸಗಾರ್ತಿಯರನ್ನು ಹತ್ತು ಹತ್ತು ಜನರ ಗುಂಪುಗಳನ್ನಾಗಿ ಮಾಡಿ, ತಲೆಗೆ ವಾರಕ್ಕೊಂದು ಚಿಲ್ಲರೆ ನಾಣ್ಯದಂತೆ ಕೂಡಿಸತೊಡಗಿದಳು. 1822ರಲ್ಲಿ ಸ್ಥಾಪನೆಯಾಗಿ ಇಂದಿಗೂ ಮಿಷನ್ ಭಾನುವಾರದ ಕಾಣಿಕೆಯನ್ನು ನೋಡಿಕೊಳ್ಳುವ ಧರ್ಮಪ್ರಸಾರ ಸಂಘ ಬೆಳೆದದ್ದು ಆ ಚಿಲ್ಲರೆಯಿಂದ. ಇನ್ನೊಂದು ನಮ್ಮ ದೇಶದ್ದೇ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಗೃಹಿಣಿಯರು ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುತ್ತಾರೆ. ಆ ಹಿಡಿಅಕ್ಕಿಯನ್ನು ಮಾರಿ ಬಂದ ಹಣ ಸಭೆಯ ಮಿಷನ್ ಕಾರ್ಯವನ್ನು ನಡೆಸುತ್ತದೆ. ಮುಷ್ಟಿ ಅಕ್ಕಿಯ ಪದ್ಧತಿ ನಮ್ಮ ನಾಡಿಗೂ ಹೊಸದಲ್ಲ. ಒಬ್ಬ ಶ್ರೀಮಂತ ದಾನಿಯ ಚೆಕ್ಕಿಗಿಂತ ವಾಡೆಯ ಗುರ್ಕಾರರ (ಮುಖ್ಯಸ್ಥರ) ಕೈಗೆ ತಿಂಗಳು ತಿಂಗಳು ಬರುವ ಇಪ್ಪತ್ತು ರೂಪಾಯಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ದಾನಿಯ ಮನಸ್ಸು ಬದಲಾದರೆ ಚೆಕ್ಕು ನಿಲ್ಲುತ್ತದೆ, ಐವತ್ತು ಮನೆಗಳ ಮನಸ್ಸು ಒಂದೇ ದಿನ ಬದಲಾಗುವುದಿಲ್ಲ.

ಊರವರ ಕೂಟದಲ್ಲಿ ಯಾರಾದರೂ ಎದ್ದು ನಿಂತು, ‘ಹಳಿಯಾಳ, ಯಲ್ಲಾಪುರದ ಕಾಡಿನಂಚಿನ ಸಿದ್ದಿ ಕೇರಿಗಳನ್ನು ಬಿಟ್ಟು ಆಫ್ರಿಕಾಕ್ಕೆ ಹೋಗುವುದೇಕೆ?’ ಎಂದು ಕೇಳುವುದು ಖಚಿತ. ಆಫ್ರಿಕಾದ ಮೂಲದಿಂದ ಬಂದ ಆ ಸಮುದಾಯದಲ್ಲಿ ಕಥೋಲಿಕರೂ ಇರುವುದರಿಂದ ಪ್ರಶ್ನೆಗೆ ಇಮ್ಮಡಿ ಮೊನಚಿದೆ. ಅದನ್ನು ತಳ್ಳಿಹಾಕಬಾರದು. ಜಿಲ್ಲೆಯೊಳಗಿನ ಕೆಲಸಕ್ಕೆ ಪಾಲೊಂದನ್ನು ಮೊದಲೇ ಗೊತ್ತುಮಾಡಿ, ಎರಡರ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಇಗರ್ಜಿಯ ಬಾಗಿಲಲ್ಲಿ ಅಂಟಿಸಬೇಕು.

ಹಣ ಕಳಿಸುವ ಕಾನೂನನ್ನು ತಿಳಿಯದೆ ಹೆಜ್ಜೆ ಇಡಬಾರದು. ಎಲ್‌ಆರ್‌ಎಸ್ ಎಂದು ಬ್ಯಾಂಕಿನವರು ಕರೆಯುವ ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ, ಪ್ಯಾನ್ ಸಂಖ್ಯೆ ಕೊಟ್ಟು, ದಾನವೆಂದು ಉದ್ದೇಶ ನಮೂದಿಸಿ ಹೊರದೇಶಕ್ಕೆ ಕಳಿಸಬಹುದು. ಆದರೆ ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟುಗಳಿಗಿಲ್ಲ. ಧರ್ಮಾರ್ಥ ಟ್ರಸ್ಟು ತನ್ನ ಆದಾಯವನ್ನು ದೇಶದ ಹೊರಗೆ ವೆಚ್ಚ ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿಯಿಲ್ಲದ ಪಕ್ಷದಲ್ಲಿ, ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹಾಗೆಂದು ಊರವರ ವಂತಿಗೆಯನ್ನೆಲ್ಲ ಒಬ್ಬರ ಖಾತೆಗೆ ಹಾಕಿ ಅವರ ಹೆಸರಿನಲ್ಲಿ ಕಳಿಸುವುದು ಜಾಣತನದಂತೆ ಕಂಡರೂ ನಾಳೆ ಆ ಒಬ್ಬರ ತಲೆಗೆ ಬರುತ್ತದೆ. ಸಾಧ್ಯವಿರುವ ಕಡೆ ರೂಪಾಯಿಯನ್ನು ರೂಪಾಯಿಯಾಗಿಯೇ ಖರ್ಚು ಮಾಡುವುದು ಸುಲಭ: ಅಲ್ಲಿಯ ಧರ್ಮಪ್ರಾಂತ್ಯದ ಗುರುವಿದ್ಯಾರ್ಥಿಯೊಬ್ಬರು (ಧರ್ಮಗುರುವಾಗಲು ಓದುವವರು) ಬೆಂಗಳೂರಿನಲ್ಲೋ ಪುಣೆಯಲ್ಲೋ ಓದುತ್ತಿದ್ದರೆ ಅವರ ಶುಲ್ಕವನ್ನು ಇಲ್ಲಿಯೇ ಕಟ್ಟಬಹುದು, ಮಿಷನರಿಯ ವಿಮಾನದ ಟಿಕೆಟನ್ನು ಇಲ್ಲಿಯೇ ಕೊಳ್ಳಬಹುದು. ಉಳಿದುದಕ್ಕೆ ಮಿಷನರಿ ಸೇರಿರುವ ಸಂನ್ಯಾಸಿ ಸಂಘದ ಪ್ರಾಂತೀಯ ಕಚೇರಿಯ ಮತ್ತು ಲೆಕ್ಕಪರಿಶೋಧಕರ ಸಲಹೆ ಪಡೆಯಬೇಕು.

ನಮ್ಮ ಸಂಗ್ರಹಕ್ಕೆಂದು ಹೊರದೇಶದಿಂದ ಒಳಬರುವ ಹಣದ ನಿಯಮ ಇದಕ್ಕಿಂತ ಬಿಗಿ. 2010ರ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಇಗರ್ಜಿ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿಯಿದ್ದವರೂ ಆ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಗಲ್ಫ್‌ನಲ್ಲಿ ದುಡಿಯುವ ಭಾರತೀಯ ಪ್ರಜೆ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆಯಾಗುವುದಿಲ್ಲ. ಆದರೆ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದ ನೆಂಟರು ಕೊಟ್ಟರೆ ಆಗುತ್ತದೆ. ಗೋವೆಯ ಮಗ್ಗುಲಲ್ಲಿರುವ ಕಾರವಾರದವರು ರಸೀದಿ ಬರೆಯುವ ಮೊದಲು ದಾನಿಯ ಪೌರತ್ವವನ್ನು ಕೇಳಿಕೊಳ್ಳುವುದು ಒಳ್ಳೆಯದು.

ನೆರವಿಗೆ ಮುಕ್ತಾಯದ ವರ್ಷವನ್ನು ಆರಂಭದಲ್ಲಿಯೇ ಬರೆಯಬೇಕು ಎಂದು ನಾನು ಹಟ ಹಿಡಿಯುತ್ತೇನೆ, ಇದಕ್ಕೆ ಕಾರಣ ನಮ್ಮ ಕರಾವಳಿಯ ಇತಿಹಾಸವೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆ, ಕ್ರೈಸ್ತರಾದವರಿಗೆ ಜೀವನೋಪಾಯ ಬೇಕೆಂದು ನೇಯ್ಗೆಯನ್ನೂ, 1865ರಿಂದ ಹಂಚಿನ ಕಾರ್ಖಾನೆಯನ್ನೂ ನಡೆಸಿತು. ಹಂಚು ಕರಾವಳಿಯ ಮನೆಗಳ ಮಾಡನ್ನೇ ಬದಲಿಸಿತು. ಆದರೆ ಸಭೆಯ ಬಹುಪಾಲು ಕುಟುಂಬಗಳ ಅನ್ನ ಮಿಷನ್ನಿನ ಕೈಯಲ್ಲಿಯೇ ಉಳಿಯಿತು. ಮೊದಲ ಮಹಾಯುದ್ಧ ಬಂದಾಗ ಅದರ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಬೇರೆಯವರ ವಶವಾದವು. ಒಡನೆಯೇ ಸ್ವಂತ ಕಾಲಿನ ಮೇಲೆ ನಿಲ್ಲಬೇಕಾದ ಸ್ಥಿತಿ ಸಭೆಗೆ ಬಂತು. ಸ್ವಾವಲಂಬನೆ, ಸ್ವಯಮಾಡಳಿತ, ಸ್ವಯಂಪ್ರಸಾರ ಈ ಮೂರು ಇರುವ ಸಭೆಯೇ ಸ್ಥಳೀಯ ಸಭೆ ಎಂದು ಇಂಗ್ಲೆಂಡಿನ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆಂಡರ್ಸನ್ ಎಂಬ ಮಿಷನ್ ಮುಖಂಡರು 19ನೆಯ ಶತಮಾನದ ನಡುವಿನಲ್ಲೇ ಹೇಳಿದ್ದರು. 1971ರಲ್ಲಿ ಕೆನ್ಯಾದ ಪ್ರೆಸ್ಬಿಟೇರಿಯನ್ ನಾಯಕ ಜಾನ್ ಗಾಟು, ಹೊರಗಿನ ಮಿಷನರಿಗಳನ್ನೂ ಹಣವನ್ನೂ ಕೆಲಕಾಲ ನಿಲ್ಲಿಸಿರೆಂದು ಪಾಶ್ಚಾತ್ಯ ಸಭೆಗಳನ್ನು ಕೇಳಿಕೊಂಡರು. ಕೊಡುವ ನಾವು ಪಾಶ್ಚಾತ್ಯರಲ್ಲವೆಂಬ ಕಾರಣಕ್ಕೆ ಆ ಮಾತು ನಮಗೆ ಅನ್ವಯಿಸದೆ ಹೋಗುವುದಿಲ್ಲ. ಗೋಡೆ ಅವರದು, ಮಾಡು ನಮ್ಮದು ಎಂಬ ಒಪ್ಪಂದ ಒಳ್ಳೆಯದು. ಉಪದೇಶಿಯ ಗೌರವಧನವಾದರೆ ಮೊದಲ ವರ್ಷ ಮುಕ್ಕಾಲು, ಎರಡನೆಯ ವರ್ಷ ಅರ್ಧ, ಮೂರನೆಯ ವರ್ಷ ಕಾಲು ಪಾಲು ನಮ್ಮದೆಂದು ಬರೆದುಕೊಳ್ಳಬೇಕು.

ಮಿಷನರಿಯ ಬದುಕಿನ ಬಗ್ಗೆಯೂ ಊರಿನವರಿಗೆ ತಾಳ್ಮೆ ಬೇಕು. ಹೋದ ಮೊದಲ ವರ್ಷ ಭಾಷೆ ಕಲಿಯುವುದರಲ್ಲಿಯೇ ಕಳೆಯುತ್ತದೆ; ‘ಏನು ಕೆಲಸವಾಯಿತು, ಫೋಟೋ ಕಳಿಸಿ’ ಎಂದು ಪೀಡಿಸಬಾರದು. ಗೋವೆಯ ಬೆಣಾವ್ಲಿಯಲ್ಲಿ 1651ರಲ್ಲಿ ಹುಟ್ಟಿ, ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿ, ಆಮೇಲೆ ಕೂಲಿಯ ವೇಷದಲ್ಲಿ ಸಿಂಹಳಕ್ಕೆ (ಇಂದಿನ ಶ್ರೀಲಂಕಾ) ಹೋದ ಸಂತ ಜೋಸೆಫ್ ವಾಜ್ ಅಲ್ಲಿ ತಮಿಳನ್ನೂ ಸಿಂಹಳವನ್ನೂ ಕಲಿತರು, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಳ್ಳುವವರೆಗೆ ಊರಿಗೆ ಮರಳಲಿಲ್ಲ.

ಇಂದಿನ ಮಿಷನರಿಗಳು ಕೆಲವು ವರ್ಷಗಳಿಗೊಮ್ಮೆ ರಜೆಗೆ ಬರುತ್ತಾರೆ. ಬಂದ ವಾರವೇ ಅವರನ್ನು ಪ್ರತಿ ವಾಡೆಯ ಪೂಜೆಗೆ, ಊಟಕ್ಕೆ ಎಳೆದಾಡದೆ ಮನೆಯವರ ಬಳಿ ಬಿಡಬೇಕು. ಊರಿನಿಂದ ಅಲ್ಲಿಗೆ ಹೋಗಿಬರುವವರು ಆ ದೇಶ ಹಳದಿ ಜ್ವರದ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು, ಇದ್ದರೆ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ, ಸರಕಾರ ಗುರುತಿಸಿದ ಕೇಂದ್ರದಲ್ಲಿಯೇ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದಿಲ್ಲದೆ ಮರಳಿದವರನ್ನು ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಊರಿಗೆ ಬಂದ ಮೇಲೆ ವಾರಗಳು ಕಳೆದು ಜ್ವರ ಬಂದರೂ ಅದನ್ನು ಮಳೆಗಾಲದ ಶೀತಜ್ವರವೆಂದು ಮನೆಯಲ್ಲೇ ಕಷಾಯ ಕುಡಿದು ಮಲಗಬಾರದು: ಆಫ್ರಿಕಾದಲ್ಲಿ ಹೆಚ್ಚಾಗಿರುವ ಫಾಲ್ಸಿಪಾರಮ್ ಮಲೇರಿಯಾ ಒಂದೆರಡು ದಿನಗಳಲ್ಲೇ ಮಿದುಳಿಗೆ ಏರಬಲ್ಲದು, ಆದ್ದರಿಂದ ಅಂದೇ ಆಸ್ಪತ್ರೆಗೆ ಹೋಗಿ, ತಾವು ಯಾವ ದೇಶದಿಂದ ಬಂದೆವೆಂದು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.