ಮಂಗಳೂರಿನ ಸೆಕೆಗೆ ಗೇಮಿಂಗ್ ಲ್ಯಾಪ್‌ಟಾಪ್: ನಾನು ಆಯ್ದ ಕ್ರಮ

ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತವೆ, ಆಮೇಲೆ ಬದಲಿಸಲು ಬರುವುದಿಲ್ಲ. ಅದಕ್ಕೇ ನಾನು ದುಡ್ಡನ್ನು ಮೊದಲು ಗ್ರಾಫಿಕ್ಸ್, ಕೂಲಿಂಗ್, ಸ್ಕ್ರೀನಿಗೆ ಹಾಕಿ, ರ‍್ಯಾಮ್ ಮತ್ತು ಎಸ್‌ಎಸ್‌ಡಿಯನ್ನು ನಂತರಕ್ಕೆ ಇಟ್ಟುಕೊಂಡೆ.

ಗ್ರಾಫಿಕ್ಸ್ ಚಿಪ್ಪಿನ ಹೆಸರು ನೋಡಿದರೆ ಸಾಲದು, ವ್ಯಾಟ್ ಕೇಳಬೇಕು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪಿಗೆ ಅದರ ತಯಾರಕ ಎನ್‌ವಿಡಿಯಾ ಕೊಟ್ಟಿರುವ ವ್ಯಾಪ್ತಿ 35ರಿಂದ 115 ವ್ಯಾಟ್. ತೆಳ್ಳಗಿನ ಮಾಡೆಲ್‌ಗಳಲ್ಲಿ ಅದೇ ಚಿಪ್ ಕಡಿಮೆ ವ್ಯಾಟಿನಲ್ಲಿ ಓಡುತ್ತದೆ, ಸೆಕೆಂಡಿಗೆ ತೋರುವ ಫ್ರೇಮ್‌ಗಳೂ (ಚಿತ್ರಗಳೂ) ಇಳಿಯುತ್ತವೆ. ಕಂಪೆನಿಯ ಸ್ಪೆಸಿಫಿಕೇಶನ್ ಪುಟದಲ್ಲಿ 'ಟಿಜಿಪಿ' (ಗ್ರಾಫಿಕ್ಸಿಗೆ ಸಿಗುವ ಒಟ್ಟು ವ್ಯಾಟ್) ಎಂದು ಹುಡುಕಿ. ಅಂಗಡಿಯಲ್ಲಾದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಶನ್ ತೆರೆದು ನೋಡಬಹುದು. ಅದಕ್ಕಿಂತ ಕೆಳಗಿನ 4050 ಚಿಪ್ಪಿನಲ್ಲಿ 6 ಜಿಬಿ ವಿರ‍್ಯಾಮ್, 4060ರಲ್ಲಿ 8; ಇದು ಗ್ರಾಫಿಕ್ಸ್ ಚಿಪ್ಪಿಗೇ ಮೀಸಲಾದ ಮೆಮೊರಿ. ಹೊಸ ಗೇಮ್‌ಗಳ ಟೆಕ್ಸ್ಚರ್‌ಗೆ 6 ಜಿಬಿ ಬೇಗ ತುಂಬಿ ಆಟ ತಡವರಿಸುತ್ತದೆ. ಬಜೆಟ್ ಸ್ವಲ್ಪ ಹಿಗ್ಗಿಸಲು ಸಾಧ್ಯವಿದ್ದರೆ ಇಲ್ಲಿಯೇ ಹಿಗ್ಗಿಸಿ, ಪ್ರೊಸೆಸರಿನ ಐ7 ಎಂಬ ಸ್ಟಿಕ್ಕರಿಗಲ್ಲ.

ಇನ್ನು ಕೂಲಿಂಗ್. ಶೋರೂಮಿನ ಏಸಿಯಲ್ಲಿ ಎಲ್ಲ ಲ್ಯಾಪ್‌ಟಾಪೂ ತಣ್ಣಗೇ ಇರುತ್ತದೆ. ನಮ್ಮಲ್ಲಿ ಏಪ್ರಿಲ್-ಮೇಯ ಸೆಕೆಗೆ ಫ್ಯಾನ್ ಮಾತ್ರ ಇರುವ ಕೋಣೆ 32-33 ಡಿಗ್ರಿ ಇರುತ್ತದೆ. ಕೋಣೆ ಶೋರೂಮಿಗಿಂತ 8 ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಏಸಿಯಲ್ಲೇ ಗ್ರಾಫಿಕ್ಸ್ 80 ದಾಟಿದ್ದರೆ ಮನೆಯಲ್ಲಿ ಅದು ಮಿತಿ ಮುಟ್ಟಿ ವೇಗ ಇಳಿಸುವ ಸಾಧ್ಯತೆ ಹೆಚ್ಚು. ಡೆಮೋ ಪೀಸಿನಲ್ಲಿ 20 ನಿಮಿಷ ಭಾರದ ಗೇಮ್ ಓಡಿಸಿ ಉಷ್ಣತೆ ನೋಡಿ. ಮೊದಲ 5 ನಿಮಿಷದ ಅಂಕಿ ನಂಬಬೇಡಿ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಆಗಿನ್ನೂ ಬಿಸಿಯಾಗುತ್ತಿರುತ್ತದೆ. ಎರಡು ಫ್ಯಾನ್ ಇರಲಿ, ಬಿಸಿಗಾಳಿ ಹಿಂಬದಿಯಿಂದ ಹೋಗಲಿ. ಬಲಬದಿಯ ಕಿಂಡಿಯಾದರೆ ಮೌಸ್ ಹಿಡಿದ ಕೈಗೇ ಊದುತ್ತದೆ, ಬೆವರಿಗೆ ಮೌಸ್ ಜಾರುತ್ತದೆ.

ಸ್ಕ್ರೀನ್: 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) ಈಗ ಹೆಚ್ಚಿನವುಗಳಲ್ಲಿ ಉಂಟು. ನೋಡಬೇಕಾದ್ದು ಬಣ್ಣ; ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಎಂಬುದನ್ನು ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬ ಅಳತೆಗಳಲ್ಲಿ ಹೇಳುತ್ತಾರೆ. 45% ಎನ್‌ಟಿಎಸ್‌ಸಿ ಪ್ಯಾನೆಲ್ ಪೇಲವವಾಗಿ ಕಾಣುತ್ತದೆ, 100% ಎಸ್‌ಆರ್‌ಜಿಬಿ ಕೇಳಿ. ಗ್ರಾಫಿಕ್ಸ್ ಚಿಪ್ಪನ್ನು ನೇರ ಸ್ಕ್ರೀನಿಗೆ ಜೋಡಿಸುವ ಮಕ್ಸ್ ಸ್ವಿಚ್ ಇದ್ದರೆ ಒಳ್ಳೆಯದು.

ರ‍್ಯಾಮ್ ವಿಷಯದಲ್ಲಿ ಕೇಳಬೇಕಾದ್ದು ಒಂದೇ: ಎರಡು ಸ್ಲಾಟ್ ಉಂಟಾ, ಅಥವಾ ಬೆಸುಗೆ ಹಾಕಿದ್ದಾ? ಒಂದೇ 8 ಜಿಬಿ ಸ್ಟಿಕ್ ಬಂದಿದ್ದರೆ ಅದೇ ವೇಗದ ಇನ್ನೊಂದು ಹಾಕಿ. ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವ ಡ್ಯುಯಲ್ ಚಾನೆಲ್ ಆದಾಗ ಆಟದ ತಡವರಿಕೆ ಕಡಿಮೆಯಾಗುತ್ತದೆ. ಕವರ್ ತೆಗೆದರೆ ವಾರಂಟಿ ಹೋಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಚಾರ್ಜರ್ ತೆಗೆದು, ಕವರ್ ಬಿಚ್ಚಿ, ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ, ತೆಗೆದ ಜಾಗದ ಕ್ರಮದಲ್ಲೇ ಇಟ್ಟುಕೊಳ್ಳಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಕೀಬೋರ್ಡ್ ಬದಿ ಉಬ್ಬುತ್ತದೆ. ಸ್ಟಿಕ್ಕನ್ನು ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಹಲ್ಲು ಪೂರ್ತಿ ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿ, ಎರಡೂ ಕ್ಲಿಪ್ ಟಕ್ಕೆನ್ನಬೇಕು. ಮೆಮೊರಿ ಡಿಡಿಆರ್5 ಎಂಬ ಬಗೆಯದ್ದಾದರೆ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ.

ಕರಾವಳಿಯವರು ಇನ್ನೂ ಕೆಲವು ನೋಡಲೇಬೇಕು. ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರಬೇಕು. ಇಲ್ಲದಿದ್ದರೆ ಲೋಹದ ಮೈ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಗುಡುಗು ಶುರುವಾಗುವ ಮೊದಲೇ ಚಾರ್ಜರ್ ಜೊತೆ ಲ್ಯಾನ್ ಕೇಬಲ್ಲನ್ನೂ ಕೀಳಿ, ಸಿಡಿಲಿನ ಹೊಡೆತ ರೂಟರ್ ದಾರಿಯಿಂದಲೂ ಬರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬ್ಯಾಗಿನೊಳಗೆ ಮುಚ್ಚಿಡದೆ ಆಗಾಗ ಓಡಿಸಿದರೆ ಆ ಬಿಸಿಗೆ ಒಳಗಿನ ತೇವ ಆರುತ್ತದೆ.